ಒಂದು ಹೆಚ್ಚುವರಿ ಮಹಾಪ್ರಾಣ

ಟಿ ಅಕ್ಷರದ ಕೀ ಕಿತ್ತು ಎಲ್ಲರೂ ಇರುವೆ ಎಂದು ಕರೆಯುವವಳ ಬೆರಳಿಗೆ ಅಂಟಿಕೊಂಡೇ ಬಂತು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ಮೇಲಿದ್ದ ಅಕ್ಷರ ಪೂರ್ತಿ ಅಳಿಸಿಹೋಗಿತ್ತು. ನಡುವೆ ಸಣ್ಣ ಹಳ್ಳ ಬಿದ್ದು, ತುಳಿದು ತುಳಿದು ಸವೆದ ಹೊಸ್ತಿಲ ಹಾಗೆ ಮಿರುಗುತ್ತಿತ್ತು. ಓ, ಆರ್, ಯು ಕೀಗಳೂ ಮಂಕಾಗಿದ್ದವು. ಆದರೆ ಹೆಚ್ಚು ಪೆಟ್ಟು ತಿಂದದ್ದು ಟಿ. ಸಾಲಿನಲ್ಲಿ ಮೊದಲು ನಿಂತವರಿಗೇ ಯಾವತ್ತೂ ಏಟು ಜಾಸ್ತಿ.

toru. ತೋರು. ಅವಳಿಗೆ ಪ್ರೋಗ್ರಾಂ ಬರೆಯಲು ಕಲಿಸಿದ ಮೇಷ್ಟ್ರು ತಮ್ಮ ಕೊನೆಯ ದಿನಗಳಲ್ಲಿ ಈ ಲ್ಯಾಪ್‌ಟಾಪಿನ ಮುಂದೆ ಕೂತು ಆ ಒಂದು ಪದವನ್ನು ಎಷ್ಟು ಸಲ ಬರೆದಿರಬಹುದು? ಇರುವೆಗೆ ಲೆಕ್ಕ ಬೇಕಿರಲಿಲ್ಲ. ಅಂಗೈಯಲ್ಲಿದ್ದ ಹಳ್ಳವೇ ಹೇಳುತ್ತಿತ್ತು.

ಆಂಬುಲೆನ್ಸ್ ಕೇಂದ್ರದ ಹಿಂಬದಿಯ ಕೋಣೆ ಅದು. ಗೋಡೆಯಾಚೆ ಫೋನುಗಳು ಬಡಿದುಕೊಳ್ಳುತ್ತಿದ್ದವು. ಯಾರೋ ಯಾರಿಗೋ 'ಗಾಬರಿಯಾಗಬೇಡಿ, ಗಾಡಿ ಹೊರಟಿದೆ' ಎನ್ನುತ್ತಿದ್ದರು. ಕರೆ ಬಂದ ಕೂಡಲೇ ಯಾವ ಗಾಡಿ ಹೊರಡಬೇಕು ಎಂದು ಆರಿಸುವ ಪ್ರೋಗ್ರಾಂ ಬರೆದವರು ಮೇಷ್ಟ್ರು. ಆ ಪ್ರೋಗ್ರಾಂ ಒಂದು ದಿನ, ಕುಸಿದು ಬಿದ್ದ ಬಡಗಿಯೊಬ್ಬನ ಮನೆಗೆ, ಪಕ್ಕದ ಬೀದಿಯ ಗಾಡಿಯನ್ನು ಬಿಟ್ಟು ಊರಾಚೆಯ ಗಾಡಿಯನ್ನು ಕಳಿಸಿತು. ಬಡಗಿ ಉಳಿಯಲಿಲ್ಲ. ತಪ್ಪು ಹುಡುಕಲು ಕೂತ ಮೇಷ್ಟ್ರೂ ಉಳಿಯಲಿಲ್ಲ.

ಅವರನ್ನು ಯಾರೂ ಕೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ ಮನೆಗೆ ಬಂದರು, ಮಾತಾಡದೆ ಮಲಗಿದರು, ಏಳಲಿಲ್ಲ. ಹೃದಯ ನಿಂತಿತು, ಅಷ್ಟೆ. ಆ ಹೃದಯ ಯಾವುದನ್ನು ಹೊತ್ತು ಹೊತ್ತು ನಿಂತಿತು ಎಂದು ಕೇಳುವ ಕಾಲಂ ವಿಚಾರಣೆಯ ಅಧಿಕಾರಿಯ ವರದಿಯಲ್ಲಿ ಇರಲಿಲ್ಲ. ಇದ್ದದ್ದು ಒಂದೇ ಮಾತು: ಮೃತ ಪ್ರೋಗ್ರಾಮರನ ಅಜಾಗರೂಕತೆ. ಸಂಜೆ ಸಹಿ ಬಿದ್ದರೆ ಆ ಮಾತು ಕಲ್ಲಿನ ಮೇಲೆ ಕೆತ್ತಿದಂತೆ.

ಫೋನು ಮಿಣುಕಿತು. ಮೇಷ್ಟ್ರ ಹೆಂಡತಿ, ಇರುವೆ ಅಕ್ಕ ಎಂದು ಕರೆಯುವವರು.

'Indhu sanje sahi anthe. Naane bandhu bidthini.'

ಇಂದು ಸಂಜೆ ಸಹಿಯಂತೆ, ನಾನೇ ಬಂದುಬಿಡ್ತೀನಿ. ಅಷ್ಟು ದುಃಖದಲ್ಲೂ ಇರುವೆಯ ತುಟಿಯ ಮೂಲೆ ಅಲುಗಿತು. ಅಕ್ಕ ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು ಬರೆಯುವ ರೀತಿಯೇ ಹಾಗೆ. ದ ಬಂದಲ್ಲೆಲ್ಲ ಡಿ ಪಕ್ಕ ಒಂದು ಎಚ್ ತಂದು ಕೂರಿಸುತ್ತಿದ್ದರು. ಒಂದು ಕಾಲಕ್ಕೆ ಅವರೂ ಇದೇ ಕಸುಬಿನವರು, ಮೇಷ್ಟ್ರ ಮೊದಲ ಶಿಷ್ಯೆ. ಮೇಷ್ಟ್ರು ಚುಡಾಯಿಸುವುದಿತ್ತು: "ನಮ್ಮ ಮನೆಯವಳು ಧಾರಾಳಿ. ಅಲ್ಪಪ್ರಾಣಕ್ಕೆಲ್ಲ ಪುಕ್ಕಟೆ ಮಹಾಪ್ರಾಣ ಕೊಟ್ಟುಬಿಡ್ತಾಳೆ."

ಬಡಗಿಗೆ ಕೊಡಲು ಮಾತ್ರ ಯಾರ ಬಳಿಯೂ ಪ್ರಾಣ ಇರಲಿಲ್ಲ.

ಇರುವೆ ಕಪ್ಪು ಪರದೆಗೆ ಮರಳಿದಳು. ಅದರಲ್ಲಿ ಡಿಬಗ್ಗರ್ ತೆರೆದಿತ್ತು. ಓಡುವ ಪ್ರೋಗ್ರಾಮನ್ನು ಬೇಕೆಂದ ಸಾಲಿನಲ್ಲಿ ತಡೆದು ನಿಲ್ಲಿಸಿ, 'ಈಗ ನಿನ್ನ ಮನಸ್ಸಿನಲ್ಲಿ ಏನಿದೆ, ಹೇಳು' ಎಂದು ಕೇಳುವ ಸಾಧನ. ಒಂದು ಸಾಲು ನಡೆಸಿ ನಿಲ್ಲಿಸು, ಕೇಳು. ಇನ್ನೊಂದು ಸಾಲು ನಡೆಸು, ಕೇಳು. ಬೇರೆಯವರು ಹಾರಿ ಹಾರಿ ಹುಡುಕುವಲ್ಲಿ ಇವಳು ಸಾಲು ಹಿಡಿದೇ ನಡೆಯುತ್ತಿದ್ದಳು. ಅದಕ್ಕೇ ಮೇಷ್ಟ್ರು ಅವಳಿಗೆ ಇರುವೆ ಎಂದು ಹೆಸರಿಟ್ಟದ್ದು. ಆ ಹೆಸರು ಎಷ್ಟು ಅಂಟಿತೆಂದರೆ ಕಾವಲಿನವನೂ 'ಇರುವಮ್ಮ ಬಂದ್ರು' ಎಂದೇ ಬಾಗಿಲು ತೆಗೆಯುತ್ತಿದ್ದ.

ಮೇಷ್ಟ್ರಿಗೆ ಅಡ್ಡಹೆಸರಿಡುವುದೆಂದರೆ ಪ್ರಾಣ. ಡಿಬಗ್ಗರಿನ ಅಪ್ಪಣೆಗಳಿಗೂ ಮನೆಮಾತಿನ ಅಡ್ಡಹೆಸರು ಇಟ್ಟುಕೊಂಡಿದ್ದರು. ಮೌಲ್ಯ ತೋರಿಸು ಎನ್ನುವ ಅಪ್ಪಣೆಗೆ ಡಿಬಗ್ಗರಿನ ಸ್ವಂತ ಭಾಷೆಯಲ್ಲಿ ಬರೀ ಒಂದು ಅಕ್ಷರ, ಪಿ. ಮೇಷ್ಟ್ರಿಗೆ ಅದು ರುಚಿಸುತ್ತಿರಲಿಲ್ಲ. 'ತೋರು ಅಂದ್ರೆ ಕೇಳಿದ ಹಾಗಿರುತ್ತೆ, ಪಿ ಅಂದ್ರೆ ಗದರಿದ ಹಾಗಿರುತ್ತೆ' ಎನ್ನುತ್ತಿದ್ದರು. ಅವರ ಯಂತ್ರದಲ್ಲಿ ಕೂತವರು ಅವರ ಪದವನ್ನೇ ಬಳಸಬೇಕು. ಅಕ್ಕನ ಮಾತಿನ ಮೇಲೆ ತಪ್ಪು ಹುಡುಕಲು ಕೂತ ಇರುವೆಯೂ ಈ ಮೂರು ದಿನ ಹಾಗೇ ಮಾಡಿದ್ದಳು.

ಆ ಮೂರು ದಿನವೂ ತಲೆ ಕೆಟ್ಟು ಹೋಗಿತ್ತು. ಬಡಗಿಯ ಹೆಂಡತಿಯ ಕರೆಯನ್ನೇ ಮತ್ತೆ ಒಳಗೆ ಕೊಟ್ಟು, ಗಾಡಿ ಆರಿಸುವ ಸಾಲಿನಲ್ಲಿ ನಿಲ್ಲಿಸಿ, ಹತ್ತಿರದ ಗಾಡಿಯ ಸ್ಥಿತಿ ಏನು, ತೋರು ಎಂದರೆ ಉತ್ತರ: ಫ್ರೀ. ಸರಿಯಾಗಿಯೇ ಇದೆ. ಮುಂದಿನ ಸಾಲಿಗೆ ಬಿಟ್ಟರೆ ಪ್ರೋಗ್ರಾಂ ಆ ಫ್ರೀ ಗಾಡಿಯನ್ನು ದಾಟಿ ದೂರದ ಗಾಡಿಯನ್ನೇ ಹಿಡಿಯುತ್ತಿತ್ತು. ಎಲೆಯಲ್ಲಿ ಅನ್ನ ಇದೆ ಎಂದು ಕಣ್ಣು ಹೇಳುತ್ತದೆ, ಕೈ ಹಾಕಿದರೆ ಬರೀ ಎಲೆ. ಮೇಷ್ಟ್ರಿಗೂ ಇದೇ ಆಗಿತ್ತು. ಅವರು ಆರಿಸುವ ಸಾಲುಗಳನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೊನೆಗೆ ತಮ್ಮ ಬುದ್ಧಿಯೇ ಸವೆಯಿತೇನೋ ಎಂದು ಹೆಂಡತಿಯ ಮುಂದೆ ಕೂತು ಅತ್ತಿದ್ದರಂತೆ.

ಈಗ ಟಿ ಕೀ ಕಿತ್ತುಬಂದಿತ್ತು. ತೋರು ಎಂದು ಬರೆಯಲಾಗದೆ ಇರುವೆ, ಬೇರೆ ದಾರಿಯಿಲ್ಲದೆ, ಪಿ ಒತ್ತಿದಳು.

ಬ್ಯುಸಿ.

ಅವಳ ಬೆರಳು ಗಾಳಿಯಲ್ಲೇ ನಿಂತಿತು. ಮತ್ತೆ ಪಿ. ಬ್ಯುಸಿ. ಅದೇ ಸಾಲು, ಅದೇ ಕರೆ, ಅದೇ ಗಾಡಿ. ಕೀ ಕಿತ್ತ ಗುಂಡಿಯ ರಬ್ಬರನ್ನು ಪೆನ್ನಿನ ತುದಿಯಿಂದ ಅದುಮಿ, ಹೇಗೋ ತೋರು ಎಂದು ಬರೆದು ಕೇಳಿದಳು. ಫ್ರೀ.

ತೋರು ಮತ್ತು ಪಿ ಒಬ್ಬರೇ. ಒಬ್ಬನನ್ನೇ ಮನೆಯಲ್ಲಿ ಪುಟ್ಟ ಎಂದೂ ಶಾಲೆಯಲ್ಲಿ ದೊಡ್ಡ ಹೆಸರಿನಿಂದಲೂ ಕರೆದ ಹಾಗೆ. ಪುಟ್ಟನನ್ನು ಕರೆದರೆ ಒಂದು ಮುಖ, ದೊಡ್ಡ ಹೆಸರು ಕೂಗಿದರೆ ಇನ್ನೊಂದು ಮುಖ ಬಾಗಿಲಿಗೆ ಬಂದರೆ, ಆ ಮನೆಯೊಳಗೆ ಇಬ್ಬರಿದ್ದಾರೆ ಎಂದೇ ಅರ್ಥ.

ಪ್ರೋಗ್ರಾಂ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದ್ದು ಡಿಬಗ್ಗರ್. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಲ್ಲಿ ದೀಪವೇ ಕತ್ತಲೆಯನ್ನು ಕಾರಿತ್ತು, ಮೇಷ್ಟ್ರು ಅದನ್ನೇ ಹಿಡಿದು ಮನೆಯೆಲ್ಲ ಹುಡುಕಿದ್ದರು.

ಅವಳು ಡಿಬಗ್ಗರಿಗೆ, ನಿನಗೆ ಗೊತ್ತಿರುವ ಅಡ್ಡಹೆಸರುಗಳನ್ನೆಲ್ಲ ಹೇಳು ಎಂದಳು. ಹೇಳಿತು. ಮುಂದೆ, ಮೇಲೆ, ನಿಲ್ಲು ಎಲ್ಲವೂ ಮೇಷ್ಟ್ರು ಇಟ್ಟಂತೆಯೇ ಇದ್ದವು. ತೋರು ಮಾತ್ರ ಬದಲಾಗಿತ್ತು. ಗಾಡಿಯ ಸ್ಥಿತಿ ಕೇಳಿದರೆ ನಿಜವನ್ನು ಬದಿಗಿಟ್ಟು ಇನ್ನೊಂದು ಪುಟ್ಟ ತುಣುಕಿನಿಂದ ಉತ್ತರ ತಂದುಕೊಡು ಎಂದು ಅದಕ್ಕೆ ಯಾರೋ ಕಲಿಸಿದ್ದರು. ಆ ತುಣುಕಿನ ಕೆಲಸ ಒಂದೇ, ಫ್ರೀ ಎನ್ನುವುದು. ಅದರ ಹೆಸರು ನೆಮ್ಮದಿ.

ಆ ಹೆಸರನ್ನು ಇರುವೆ ಒಂದೊಂದೇ ಅಕ್ಷರವಾಗಿ ಓದಿದಳು. ಓದಿದ ಮೇಲೆ ಪರದೆಯನ್ನು ಒರೆಸಿ ಖಾಲಿ ಮಾಡಿದಳು. ಎದೆಯೊಳಗೆ ಎದ್ದುನಿಂತ ಯೋಚನೆಯನ್ನೂ ಹಾಗೆ ಒರೆಸಲು ಬರುವಂತಿದ್ದರೆ ಚೆನ್ನಾಗಿತ್ತು.

ಮೊದಲು ಕೈಯಲ್ಲಿರುವ ಕೆಲಸ. ಈಗ ಪಿ ನಿಜ ಹೇಳುತ್ತಿತ್ತಲ್ಲ, ಅವಳು ಆರಿಸುವ ಸಾಲನ್ನು ಬಿಟ್ಟು ಇನ್ನೂ ಮೊದಲಿಗೆ ತಡೆ ಹಾಕಿ, ಸಾಲು ಹಿಡಿದು ನಡೆದಳು. ಗಾಡಿಗಳ ಲೆಕ್ಕ ಇಡುವ ಶೆಡ್ಡಿನಿಂದ ಹತ್ತಿರದ ಗಾಡಿಯ ಸುದ್ದಿ ಬಂತು: ಫ್ರೀ. ಒಂದು ಹೆಜ್ಜೆ. ಫ್ರೀ. ಇನ್ನೊಂದು. ಬ್ಯುಸಿ. ಆ ಎರಡು ಹೆಜ್ಜೆಗಳ ನಡುವೆ ಒಂದೇ ಸಾಲಿತ್ತು. ಈ ಗಾಡಿಯ ಮಾತು ಬಂದರೆ, ಅದು ನಿಂತಿದ್ದರೂ ಬ್ಯುಸಿ ಎನ್ನು. ಅಷ್ಟೇ. ಬಡಗಿಯ ಹೆಂಡತಿ ಅವನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಾಗ ಆ ಗಾಡಿ ಪಕ್ಕದ ಬೀದಿಯಲ್ಲಿ ಬಾಗಿಲು ತೆರೆದುಕೊಂಡು ಸುಮ್ಮನೆ ನಿಂತಿತ್ತು.

ಶೆಡ್ಡಿನ ಸುದ್ದಿ ತರುವ ಆ ಭಾಗ ಮೇಷ್ಟ್ರು ಬರೆದದ್ದಲ್ಲ. ಅದನ್ನು ನೋಡಿಕೊಳ್ಳುತ್ತಿದ್ದವನು ಅವರ ಬಾಮೈದ, ಅಕ್ಕನ ಒಡಹುಟ್ಟಿದ ತಮ್ಮ. ಕೇಂದ್ರದ ಎಲ್ಲ ಯಂತ್ರಗಳ ಗುಟ್ಟಿನ ಪದಗಳೂ ಅವನ ಬಳಿ ಇದ್ದುದರಿಂದ ಮೇಷ್ಟ್ರು ಅವನಿಗೆ ಇಟ್ಟ ಹೆಸರು ಕೀಲಿಕೈ.

ಇರುವೆ ಅವನಿಗೆ ಫೋನು ಮಾಡಿ, ಕೀಬೋರ್ಡು ಕೆಟ್ಟಿದೆ, ಬನ್ನಿ ಎಂದಳು. ಸುಳ್ಳೇನೂ ಅಲ್ಲ.

ಅವನು ಕಂಕುಳಲ್ಲಿ ಬೇರೊಂದು ಕೀಬೋರ್ಡು ಇಟ್ಟುಕೊಂಡು ಬಂದ. ಭಾವ ಹೋದಾಗಿನಿಂದ ಅಂಗಿ ಅವನ ಮೈಮೇಲೆ ದೊಡ್ಡದಾಗಿ ಕಾಣುತ್ತಿತ್ತು.

"ಇರುವೆ ಕಚ್ಚಿದ್ದಕ್ಕೆ ಕೀ ಕಿತ್ತು ಬಂತಾ?"

ಅವಳು ನಗಲಿಲ್ಲ. ಪರದೆಯನ್ನು ಅವನ ಕಡೆ ತಿರುಗಿಸಿದಳು. ಅಲ್ಲಿ ಆ ಒಂದು ಸಾಲು ಇತ್ತು.

"ಅಣ್ಣ, ಇದು ನಿಮ್ಮ ಸಾಲಾ?"

ಅವನು ನಿಂತೇ ಓದಿದ. ಆಮೇಲೆ ಕುರ್ಚಿ ಎಳೆದುಕೊಳ್ಳದೆ ಮೇಜಿನ ಅಂಚಿಗೇ ಕೂತ. ಅಲ್ಲ ಎನ್ನಬಹುದು ಎಂದು ಇರುವೆ ಕಾದಳು. ಅವನು ಅನ್ನಲಿಲ್ಲ. ಎಷ್ಟೋ ದಿನದಿಂದ ಹೊತ್ತ ಮೂಟೆಯನ್ನು ಇಳಿಸಲು ಜಗಲಿ ಸಿಕ್ಕವನ ಹಾಗೆ ಹೇಳತೊಡಗಿದ.

ಕೇಂದ್ರದ ದೊಡ್ಡ ಸಾಹೇಬರು ಬಾಯಿಮಾತಿನಲ್ಲಿ ಹೇಳಿದ್ದರಂತೆ. ಮೇಲಿನವರು ಬಂದುಹೋಗುವ ದಿನಗಳು, ಅವರಿಗೆಂದೇ ಒಂದು ಗಾಡಿ ಯಾವಾಗಲೂ ಕೈಗೆ ಸಿಗುವಂತಿರಲಿ, ಎಲ್ಲೂ ಬರೆಯಬೇಡ, ಒಳಗೇ ಏನಾದರೂ ಮಾಡು ಎಂದು. ನಾಲ್ಕು ದಿನದ ಮಾತು ಎಂದುಕೊಂಡು ಇವನು ಒಂದು ಸಾಲು ಸೇರಿಸಿದ. ಮೇಲಿನವರು ಬಂದರು, ಹೋದರು. ಸಾಲು ಉಳಿಯಿತು. ಮದುವೆ ಮುಗಿದ ಮೇಲೂ ಕಂಬಕ್ಕೆ ಬಿಗಿದ ಹಗ್ಗವನ್ನು ಬಿಚ್ಚಲು ಮರೆತ ಹಾಗೆ. ಬಡಗಿ ಸತ್ತ ಸುದ್ದಿ ಬಂದ ಗಳಿಗೆಯಲ್ಲಿ ಅವನಿಗೆ ಹಗ್ಗ ನೆನಪಾಯಿತು. ಕೇಂದ್ರದ ಯಂತ್ರದಿಂದ ಅಳಿಸಿದ. ಅಷ್ಟರಲ್ಲಿ ಭಾವ ಆ ದಿನದ ಪ್ರೋಗ್ರಾಮಿನ ಒಂದು ಪ್ರತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡಿದ್ದರು.

"ಭಾವಂಗೆ ಹೇಳ್ಬೇಕು ಅಂತ ಬಾಗಿಲವರೆಗೂ ಬಂದೆ ಇರುವೆ. ಒಳಗೆ ಅವರು ಒಬ್ರೇ ಮಾತಾಡ್ಕೋತಿದ್ರು. ಫ್ರೀ ಇದೆಯಲ್ಲಪ್ಪ, ಫ್ರೀ ಇದೆಯಲ್ಲ, ಅಂತ. ನಂಗೆ ಬಾಯೇ ಬರ್ಲಿಲ್ಲ. ಮನೆಗೆ ಹೋಗಿ ಹೇಳ್ಕೊಂಡು ಅತ್ತೆ."

"ಯಾರ ಹತ್ರ?"

"ಯಾರ ಹತ್ರಾನೂ ಇಲ್ಲ. ಸುಮ್ನೆ ಅತ್ತೆ."

ಗೋಡೆಯಾಚೆ ಒಂದು ಫೋನು ಬಡಿದುಕೊಂಡು ನಿಂತಿತು. ಇರುವೆ ತುಸು ಹೊತ್ತು ಟಿ ಕೀಯನ್ನು ಬೆರಳುಗಳ ನಡುವೆ ತಿರುಗಿಸಿದಳು. ಅವಳಿಗೆ ಈ ಮನುಷ್ಯನ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಿರಲಿಲ್ಲ. ಬದಲಿಗೆ ಒಂದು ವಿಚಿತ್ರ ಆಸೆ ಬರುತ್ತಿತ್ತು. ಮುಂದಿನ ಪ್ರಶ್ನೆಗೂ ಇವನೇ ಉತ್ತರವಾಗಿರಲಿ ಎಂಬ ಆಸೆ.

"ತೋರು ಬದಲಾಯಿಸಿದ್ದೂ ನೀವೇನಾ?"

"ಯಾವ ತೋರು?"

ಪ್ರಶ್ನೆ ಅವನ ಬಾಯಿಂದ ಚೊಕ್ಕಟವಾಗಿ ಬಂತು, ನೀರಿಳಿದ ಹಾಗೆ. ಅವಳು ವಿವರಿಸಿದಳು. ಮೇಷ್ಟ್ರು ತೋರು ಎಂದು ಕೇಳಿದಾಗಲೆಲ್ಲ ಡಿಬಗ್ಗರ್ ಫ್ರೀ ಎನ್ನುವಂತೆ ಯಾರೋ ಮಾಡಿದ್ದರು. ಅದರಿಂದಲೇ ಅವರಿಗೆ ಈ ಸಾಲು ಕಾಣಲಿಲ್ಲ. ಅದರಿಂದಲೇ ಅವರು ತಮ್ಮನ್ನೇ ಅಗೆದುಕೊಳ್ಳುತ್ತ ಹೋದರು.

ಕೀಲಿಕೈ ಕೇಳುತ್ತ ಕೇಳುತ್ತ ಬಿಳುಚಿದ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಅವನ ಮುಖದಲ್ಲಿ ಏನೋ ಒಂದು ಜಾಗಕ್ಕೆ ಬಂದು ಕೂತದ್ದನ್ನು ಇರುವೆ ಕಂಡಳು.

"ಅದೂ ನಾನೇ," ಎಂದ.

"ಈಗ ತಾನೇ ಯಾವ ತೋರು ಅಂದ್ರಿ."

"ಮರೆತಿದ್ದೆ."

"ಏನು ಬರೆದ್ರಿ ಅಂತ ನೆನಪಿದೆಯಾ?"

"ಎಲ್ಲಾ ನೆನಪಿದೆ. ನಾನೇ ಅಂದ್ನಲ್ಲ. ಬರ್ಕೋ. ಸಾಲೂ ನಂದು, ಸುಳ್ಳೂ ನಂದು."

ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇವನು ಯಾರದೋ ಹೆಗಲಿನ ಬೂದಿಯನ್ನು ಬಳಿದು ತನ್ನ ಹೆಗಲಿಗೆ ಹಚ್ಚಿಕೊಳ್ಳುತ್ತಿದ್ದ.

ಇರುವೆ ಲ್ಯಾಪ್‌ಟಾಪನ್ನು ಅವನ ಮುಂದಕ್ಕೆ ಸರಿಸಿದಳು. ಡಿಬಗ್ಗರ್ ಅಪ್ಪಣೆಗಾಗಿ ಕಾಯುತ್ತಿತ್ತು.

"ನೀವು ಬರೆದ ಆ ತುಣುಕಿನ ಹೆಸರು ನೆಮ್ಮದಿ. ಅದನ್ನ ಕರೀರಿ ಅಣ್ಣ. ಹೆಸರು ಹಿಡಿದು ಕರೆದ್ರೆ ಫ್ರೀ ಅನ್ನುತ್ತೆ. ಅಷ್ಟೇ ಸಾಕು ನಂಗೆ."

ಅವನು ಎರಡೇ ಬೆರಳಿನಲ್ಲಿ ಬರೆದ. nemmadi.

ಡಿಬಗ್ಗರಿಗೆ ದಾಕ್ಷಿಣ್ಯವಿಲ್ಲ. ಆ ಹೆಸರಿನದು ಯಾವುದೂ ಇಲ್ಲಿ ಇಲ್ಲ ಎಂದಿತು.

ಅವನು ಕೈ ತಪ್ಪಿತು ಎಂದುಕೊಂಡು ಮತ್ತೆ ಬರೆದ. ಇಲ್ಲ. ಮೊದಲಕ್ಷರವನ್ನು ದೊಡ್ಡದು ಮಾಡಿ ಬರೆದ. ಇಲ್ಲ. ಒಂದು ಎಮ್ ತೆಗೆದ. ಇಲ್ಲ. ಪ್ರತಿ ಸಲವೂ ಅದೇ ಸಾಲು, ಅದೇ ತಣ್ಣನೆ ದನಿ. ಬೆವರಿದ ಬೆರಳು ಕೀಯಿಂದ ಕೀಗೆ ಜಾರುತ್ತಿತ್ತು. ಇರುವೆ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು.

"ಸ್ಪೆಲಿಂಗು ಮರೆತುಹೋಯ್ತು," ಎಂದ ಅವನು, ಬಹಳ ಸಣ್ಣ ದನಿಯಲ್ಲಿ.

"ತಾನು ಹೆತ್ತ ಕೂಸಿನ ಹೆಸರು ಯಾರಿಗೂ ಮರೆಯಲ್ಲ ಅಣ್ಣ."

ಅವನು ಲ್ಯಾಪ್‌ಟಾಪಿನ ಮುಚ್ಚಳ ಹಾಕಲು ಹೋದ. ಅವಳು ಕೈ ಅಡ್ಡ ಇಟ್ಟಳು. ಆಗ ಅವನು ಅಂಗಲಾಚಿದ. ಗಾಡಿಯ ವಿಷಯ ಅಧಿಕಾರಿಗೆ ಹೇಳು, ನನ್ನ ಹೆಸರು ಹೇಳು, ಸಾಹೇಬರ ಹೆಸರೂ ಹೇಳು, ಜೈಲಾದರೆ ಆಗಲಿ. ಇದೊಂದನ್ನು ಮಾತ್ರ ಅಳಿಸಿಬಿಡು, ಭಾವ ಹೇಗೂ ಮರಳಿ ಬರುವುದಿಲ್ಲ ಎಂದ.

"ಇದನ್ನ ಅಳಿಸಿದ್ರೆ, ಅಷ್ಟು ದಿನ ಕೂತ್ರೂ ಮೇಷ್ಟ್ರಿಗೆ ಆ ಸಾಲು ಯಾಕೆ ಕಾಣ್ಲಿಲ್ಲ ಅಂತ ಕೇಳ್ತಾರೆ. ಕಂಡೂ ಬಾಮೈದನಿಗೋಸ್ಕರ ಮುಚ್ಚಿಟ್ರು ಅಂತಾರೆ. ಇಲ್ಲಾ ಕಣ್ಣಿದ್ದೂ ಕುರುಡ ಅಂತಾರೆ. ಅವರಿಗೆ ಯಾವ ಹೆಸರು ಉಳಿಸ್ಲಿ, ನೀವೇ ಹೇಳಿ."

ಅವನು ಬಾಗಿಲ ಕಡೆ ನೋಡುತ್ತಿದ್ದ.

ಅಕ್ಕ ಬಂದು ನಿಂತಿದ್ದರು. ಯಾವಾಗ ಬಂದರೋ. ಬಿಸಿಲಿನಲ್ಲಿ ನಡೆದು ಬಂದವರ ಹಾಗೆ ಹಣೆ ಒದ್ದೆಯಾಗಿತ್ತು. ತಮ್ಮನನ್ನು ನೋಡಿದರು, ಪರದೆಯ ಮೇಲೆ ಒಂದರ ಕೆಳಗೊಂದು ಬಿದ್ದಿದ್ದ 'ಇಲ್ಲ'ಗಳನ್ನು ನೋಡಿದರು. ಮೇಜಿನ ಮೇಲಿದ್ದ ಟಿ ಕೀಯನ್ನು ಎತ್ತಿಕೊಂಡು, ಅದರ ಹಳ್ಳವನ್ನು ಹೆಬ್ಬೆರಳಿನಿಂದ ಸವರಿದರು.

"ಏಳೋ," ಎಂದರು ತಮ್ಮನಿಗೆ.

"ಅಕ್ಕ, ಬೇಡ."

"ಏಳು. ಚಿಕ್ಕಂದಿನಿಂದ ನಿನ್ನ ತಪ್ಪಿಗೆಲ್ಲ ನಾನು ಏಟು ತಿಂದಿದ್ದೀನಿ. ಈಗ ನನ್ನದಕ್ಕೆ ನೀನು ತಿನ್ನೋಕೆ ಬರ್ಬೇಡ."

ಅವರು ಕೂತರು. ಬೆರಳುಗಳು ಕೀಗಳನ್ನು ನೋಡದೆಯೇ ಓಡಿದವು, ಒಂದು ಕಾಲದ ಕಸುಬು ಅವುಗಳಲ್ಲಿ ಇನ್ನೂ ಇತ್ತು.

nemmadhi.

ಡಿ ಪಕ್ಕದಲ್ಲಿ ಒಂದು ಎಚ್. ಯಾರೂ ಕೇಳದ, ಪುಕ್ಕಟೆಯ ಒಂದು ಮಹಾಪ್ರಾಣ.

ಡಿಬಗ್ಗರ್ ಕೂಡಲೇ ಉತ್ತರಿಸಿತು: ಫ್ರೀ.

ಇರುವೆ ಅದನ್ನು ಮೊದಲೇ ಓದಿದ್ದಳು, ಒಂದೊಂದೇ ಅಕ್ಷರವಾಗಿ. ಓದಿದ್ದರೂ, ಆ ಎಚ್ ಕೀಲಿಕೈಯದೇ ಆಗಿರಲಿ ಎಂದು ಆಸೆಪಟ್ಟಿದ್ದಳು. ಮೇಷ್ಟ್ರ ಹೆಸರು ಉಳಿಸು ಎಂದು ಅವಳ ಕೈ ಹಿಡಿದು ಬೇಡಿಕೊಂಡವರು ಇದೇ ಅಕ್ಕ.

ಅಕ್ಕ ಪರದೆಯತ್ತಲೇ ನೋಡುತ್ತ ಮಾತಾಡಿದರು. ತಮ್ಮ ಬಂದು ಮಡಿಲಲ್ಲಿ ಮುಖ ಹುದುಗಿಸಿ ಅತ್ತ ರಾತ್ರಿ ಇದನ್ನು ಬರೆದರಂತೆ. ಗಂಡನಿಗೆ ಪ್ರೋಗ್ರಾಂ ಸರಿಯಾಗಿದೆ ಎಂದು ಕಂಡರೆ ಸಾಕು, ನಾಲ್ಕು ದಿನ ಒದ್ದಾಡಿ ಕೈಬಿಡುತ್ತಾರೆ, ತಮ್ಮನೂ ಉಳಿಯುತ್ತಾನೆ ಎಂದುಕೊಂಡಿದ್ದರು. ಗಂಡ ಕೈಬಿಡುವ ಜಾಯಮಾನದವರಲ್ಲ ಎಂದು ಗೊತ್ತಿದ್ದವರಲ್ಲಿ ತಾನೇ ಮೊದಲಿಗಳು ಎಂಬುದನ್ನು ಆ ರಾತ್ರಿ ಮರೆತಿದ್ದರು.

"ಅವರಿಗೆ ಗೊತ್ತಾಗಲೇ ಇಲ್ವಲ್ಲ ಅಕ್ಕ," ಎಂದಳು ಇರುವೆ. ಅದೊಂದು ಸಮಾಧಾನವೋ ಆರೋಪವೋ ಅವಳಿಗೇ ತಿಳಿಯಲಿಲ್ಲ.

ಅಕ್ಕ ಮೊದಲ ಸಲ ಅವಳ ಮುಖ ನೋಡಿದರು.

"ಅವರೂ ಹೀಗೇ ಕೂರಿಸಿ ಬರೆಸಿದ್ರು ಕಣೆ. ಅವತ್ತು ಮಧ್ಯಾಹ್ನ. ನೆಮ್ಮದಿ ಅಂತ ಒಂದ್ಸಲ ಬರಿ ನೋಡೋಣ, ಅಂದ್ರು."

ಮಾತಾಡದೆ ಮಲಗಿದರು ಎಂದು ಅಕ್ಕ ವಿಚಾರಣೆಯವರಿಗೆ ಹೇಳಿದ್ದರು. ಊರಿಗೆಲ್ಲ ಹೇಳಿದ್ದರು. ಇರುವೆಗೂ ಹೇಳಿದ್ದರು.

ಮೇಜಿನ ಮೇಲೆ ಇರುವೆಯ ಫೋನು ನಡುಗತೊಡಗಿತು. ವಿಚಾರಣೆಯ ಅಧಿಕಾರಿ. ಅವಳು ಕೈ ಚಾಚಿದಳು. ಅಕ್ಕ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಇನ್ನೊಂದು ಕೈಯಿಂದ ಸವೆದ ಟಿ ಕೀಯನ್ನು ಅದರ ಗುಂಡಿಯ ಮೇಲೆ ಕೂರಿಸಿ, ನಿಧಾನವಾಗಿ ಒತ್ತಿದರು. ಟಕ್ ಎಂದು ಕೂತಿತು.

"ಮಲಗೋ ಮುಂಚೆ ಅವರು ಇದರೊಳಗೆ ನಂಗೆ ಅಂತ ಒಂದು ಸಾಲು ಬರೆದ್ರು," ಎಂದರು. "ಅದನ್ನ ನೋಡೋಕೆ ನಂಗೆ ಇವತ್ತಿನವರೆಗೂ ಧೈರ್ಯ ಬಂದಿಲ್ಲ. ನೀನು ಕೇಳು. ಪಿ ಅಂತ ಗದರಬೇಡ. ಅವರ ಹಾಗೇ, ತೋರು ಅಂತ ಕೇಳು."